ಸಸಿಮಡಿಯಲ್ಲಿ ಮಗನನ್ನು ಯಾರು ನೋಡಿಕೊಳ್ಳುತ್ತಾರೆ?

ನಮಸ್ಕಾರ.

ನಿಮ್ಮ ನಾಲ್ಕು ಪುಟದ ಪತ್ರ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಉಳಿದ ಓದುಗರಿಗಾಗಿ ವಿಷಯ ಇಷ್ಟು. ನಿಮ್ಮ ಮಗನಿಗೆ 26 ವರ್ಷ. ಒಳ್ಳೆಯ ಕೆಲಸದಲ್ಲಿದ್ದಾನೆ. ಕಳೆದ ತಿಂಗಳು ಒಂದು ರಾತ್ರಿ ಟಿವಿ ಆರಿಸಿ, ‘ಸೆಮಿನರಿ ಸೇರಬೇಕು ಅಂತಿದ್ದೀನಿ’ ಎಂದ. ಪಾದ್ರಿಗಳನ್ನು ತಯಾರು ಮಾಡುವ ಶಾಲೆ ಅದು. ನೀವು ಆಗ ಏನೂ ಹೇಳಲಿಲ್ಲ. ಹೇಳಬೇಕಾದ್ದನ್ನೆಲ್ಲ ನಮಗೆ ಬರೆದಿದ್ದೀರಿ. ‘ಬೈಬಲ್ ಮನೆಯಲ್ಲೇ ಇದೆ. ಅದನ್ನು ಓದೋಕೆ ವರ್ಷಗಟ್ಟಲೆ ಬೇರೆ ಕಡೆ ಹೋಗಬೇಕಾ? ಯೇಸುವಿನ ಶಿಷ್ಯ ಪೇತ್ರ ಮೀನು ಹಿಡಿಯುತ್ತಿದ್ದವನು. ಅವನು ಯಾವ ಕಾಲೇಜಿಗೆ ಹೋಗಿದ್ದ?’ ಇದು ನಿಮ್ಮ ದೊಡ್ಡ ಪ್ರಶ್ನೆ. ಆದರೆ ಕೊನೆಯ ಪುಟದ ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ, ಇನ್ನೊಂದು ಸಾಲು ಇದೆ: ‘ಅವನು ಮೊದಲೇ ಮಾತು ಕಡಿಮೆ. ಅಲ್ಲಿ ಅವನನ್ನು ಯಾರು ನೋಡಿಕೊಳ್ಳುತ್ತಾರೆ?’

ನಿಮ್ಮನ್ನು ನಿದ್ದೆಗೆಡಿಸಿರುವುದು ಆ ಅಂಚಿನ ಸಾಲೇ ಅಲ್ವಾ?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪತ್ರಿಕೆಗೆ ಬರುವ ಮುಂಚೆ ನಾನೂ ಸೆಮಿನರಿಯಲ್ಲಿ ಓದಿದವನು. ಓದು ಮುಗಿಸಿದೆ, ಪಾದ್ರಿಯಾಗುವ ದೀಕ್ಷೆ ತೆಗೆದುಕೊಳ್ಳಲಿಲ್ಲ. ಹಾಗಾಗಿ ನನ್ನ ಮಾತಿನಲ್ಲಿ ಪ್ರೀತಿಯೂ ಇರುತ್ತದೆ, ಸ್ವಲ್ಪ ಮುನಿಸೂ ಇರುತ್ತದೆ. ನಿಮ್ಮದು ಯಾವ ಸಭೆ, ಅಂದರೆ ಯಾವ ಕ್ರೈಸ್ತ ಪಂಗಡ, ಎಂದು ಬರೆದಿಲ್ಲ. ಕಥೋಲಿಕರದ್ದು, ಪ್ರಾಟೆಸ್ಟೆಂಟರದ್ದು ಎರಡನ್ನೂ ಹೇಳುತ್ತೇನೆ, ನಿಮಗೆ ಹೊಂದುವುದನ್ನು ಇಟ್ಟುಕೊಳ್ಳಿ.

ಪೇತ್ರನಿಂದಲೇ ಶುರು ಮಾಡೋಣ. ಅವನು ಕಾಲೇಜಿಗೆ ಹೋಗಲಿಲ್ಲ, ನಿಜ. ಆದರೆ ಬಲೆ ಬಿಟ್ಟ ಮರುದಿನವೇ ಪ್ರಸಂಗ, ಅಂದರೆ ಉಪದೇಶ, ಮಾಡಲು ಎದ್ದು ನಿಲ್ಲಲೂ ಇಲ್ಲ. ಬೈಬಲಿನ ಯೋಹಾನನ ಸುವಾರ್ತೆಯಲ್ಲಿ ಬರುವ, ವರ್ಷಕ್ಕೊಮ್ಮೆಯ ಪಸ್ಕ ಹಬ್ಬಗಳ ಲೆಕ್ಕ ಹಿಡಿದು, ಯೇಸುವಿನ ಸೇವೆ ಸುಮಾರು ಮೂರು ವರ್ಷ ನಡೆಯಿತು ಎಂದು ಹೆಚ್ಚಿನವರು ಹೇಳುತ್ತಾರೆ. ಅಷ್ಟು ಕಾಲ ಪೇತ್ರ ಜೊತೆಯಲ್ಲೇ ನಡೆದ, ಎಡವಿದ, ಬೈಸಿಕೊಂಡ. ಮಾರ್ಕನ ಸುವಾರ್ತೆಯ ಆರನೇ ಅಧ್ಯಾಯ ತೆಗೆದು ನೋಡಿ. ಯೇಸು ಹನ್ನೆರಡು ಶಿಷ್ಯರನ್ನು ಇಬ್ಬಿಬ್ಬರಾಗಿ ಊರೂರಿಗೆ ಕಳಿಸುತ್ತಾರೆ. ಶಿಷ್ಯರು ವಾಪಸ್ ಬಂದು ತಾವು ಏನು ಮಾಡಿದೆವು, ಏನು ಕಲಿಸಿದೆವು ಎಂದು ಒಪ್ಪಿಸುತ್ತಾರೆ. ಒಂಬತ್ತನೇ ಅಧ್ಯಾಯದಲ್ಲಿ ಒಬ್ಬ ಹುಡುಗನನ್ನು ಗುಣಪಡಿಸಲು ಹೋಗಿ ಎಲ್ಲರ ಮುಂದೆ ಸೋಲುತ್ತಾರೆ. ಆಮೇಲೆ ಮನೆಯೊಳಗೆ, ಬೇರೆ ಯಾರೂ ಇಲ್ಲದಾಗ, ‘ನಮ್ಮಿಂದ ಯಾಕೆ ಆಗಲಿಲ್ಲ?’ ಎಂದು ಕೇಳುತ್ತಾರೆ. ಕಳಿಸುವುದು, ಸೋಲಲು ಬಿಡುವುದು, ಆಮೇಲೆ ಒಳಗೆ ಕೂತು ಆ ಸೋಲಿನ ಬಗ್ಗೆ ಮಾತಾಡುವುದು. ಒಳ್ಳೆಯ ಸೆಮಿನರಿ ಇವತ್ತಿಗೂ ಮಾಡುವುದು ಇದನ್ನೇ. ಗ್ರೀಕು, ಹೀಬ್ರೂ, ಪರೀಕ್ಷೆ ಎಲ್ಲ ಇದರ ಸುತ್ತ ಕಟ್ಟಿದ ಗೋಡೆಗಳು.

ಪೇತ್ರ, ಯೋಹಾನರನ್ನು ನ್ಯಾಯಸಭೆ ವಿಚಾರಣೆ ಮಾಡಿದ ಕಥೆಯೂ ನಿಮಗೆ ಗೊತ್ತಿರುತ್ತದೆ. ಓದು ಬರಹ ಇಲ್ಲದ ಸಾಮಾನ್ಯರು ಇಷ್ಟು ಧೈರ್ಯವಾಗಿ ಮಾತಾಡುವುದನ್ನು ಕಂಡು ಹಿರಿಯರಿಗೆ ಆಶ್ಚರ್ಯವಾಯಿತು. ನಿಮ್ಮ ವಾದಕ್ಕೆ ಇದು ಒಳ್ಳೆಯ ಸಾಕ್ಷಿ, ಒಪ್ಪಿದೆ. ಆದರೆ ಅದೇ ವಾಕ್ಯ ಮುಂದುವರಿದು, ಇವರು ಯೇಸುವಿನ ಜೊತೆ ಇದ್ದವರು ಎಂದು ಗುರುತು ಹಿಡಿದರು ಎನ್ನುತ್ತದೆ.

ಇನ್ನು ಸೆಮಿನರಿ ಎಂಬ ಹೆಸರು. ಲ್ಯಾಟಿನ್‌ನಲ್ಲಿ ‘ಸೆಮಿನಾರಿಯಮ್’ ಎಂದರೆ ಬೀಜ ಹಾಕಿ ಸಸಿ ಎಬ್ಬಿಸುವ ಜಾಗ. ನಮ್ಮ ಮಾತಿನಲ್ಲಿ ಸಸಿಮಡಿ. 1563ರ ಜುಲೈ ತಿಂಗಳಲ್ಲಿ ಕಥೋಲಿಕ ಬಿಷಪ್‌ಗಳ ಟ್ರೆಂಟ್ ಮಹಾಸಭೆ ಈ ಪದವನ್ನೇ ಬಳಸಿತು. ಪ್ರತಿಯೊಬ್ಬ ಬಿಷಪ್ ತನ್ನ ಪ್ರಾಂತ್ಯದಲ್ಲಿ ಇಂಥ ಒಂದು ಸಸಿಮಡಿ ಮಾಡಬೇಕು ಎಂದು ಆದೇಶಿಸಿತು. ಅದಕ್ಕೂ ಮುಂಚೆ ಯಾಜಕರ ತರಬೇತಿಗೆ ಒಂದೇ ದಾರಿ ಎಂಬುದು ಇರಲಿಲ್ಲ. ಕೆಲವರು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದರು. ಹೆಚ್ಚಿನವರು ಹಿರಿಯ ಪಾದ್ರಿಯೊಬ್ಬರ ಹಿಂದೆ ಓಡಾಡಿ ಅಷ್ಟಿಷ್ಟು ಕಲಿಯುತ್ತಿದ್ದರು. ಟ್ರೆಂಟ್ ಆದೇಶದಲ್ಲಿ ನನಗೆ ಇಷ್ಟವಾಗುವುದು ಒಂದು ಸಣ್ಣ ವಿವರ. ಮುಖ್ಯವಾಗಿ ಬಡವರ ಮಕ್ಕಳನ್ನು ಆರಿಸಿಕೊಳ್ಳಿ, ಅನುಕೂಲಸ್ಥರ ಮಕ್ಕಳೂ ಬರಲಿ, ಆದರೆ ಅವರ ಖರ್ಚು ಅವರದೇ ಎಂದು ಅದರಲ್ಲಿದೆ. ಅಂದರೆ ‘ಯಾರು ನೋಡಿಕೊಳ್ಳುತ್ತಾರೆ’ ಎಂಬ ನಿಮ್ಮ ಪ್ರಶ್ನೆ ಹೊಸದಲ್ಲ. ಸೆಮಿನರಿ ಹುಟ್ಟಿದ ದಿನವೇ ಅದೂ ಹುಟ್ಟಿದೆ. ಮರುವರ್ಷ ಮಿಲಾನಿನಲ್ಲಿ ಅಲ್ಲಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ಸೆಮಿನರಿ ತೆರೆದರು. ಪ್ರಾಟೆಸ್ಟೆಂಟರ ಕಡೆ ಸುಧಾರಕ ಕ್ಯಾಲ್ವಿನ್ ಅಷ್ಟರೊಳಗೆ ಜಿನೀವಾದಲ್ಲಿ ಅಕಾಡೆಮಿ ಶುರು ಮಾಡಿ ಆಗಿತ್ತು, 1559ರಲ್ಲಿ. ಈಗ ನಾವು ನೋಡುವ ಮೂರು ವರ್ಷದ ಪ್ರಾಟೆಸ್ಟೆಂಟ್ ಸೆಮಿನರಿಯ ಮಾದರಿ ಅಮೆರಿಕದ್ದು. ಆಂಡೋವರ್, ಪ್ರಿನ್ಸ್‌ಟನ್ ಎಲ್ಲ 1800ರ ನಂತರ ಬಂದವು. ಇತಿಹಾಸ ಇಷ್ಟು ಸಾಕು.

ಎಷ್ಟು ವರ್ಷ ಎಂದು ಕೇಳಿದ್ದೀರಿ. ಪದವಿ ಮುಗಿಸಿದವರಿಗೆ ಪ್ರಾಟೆಸ್ಟೆಂಟ್ ಸೆಮಿನರಿಗಳಲ್ಲಿ ಸಾಮಾನ್ಯವಾಗಿ ಮೂರು ವರ್ಷ. ಕಥೋಲಿಕರಲ್ಲಿ ಜಾಸ್ತಿ. ತತ್ವಶಾಸ್ತ್ರಕ್ಕೆ ಎರಡು, ದೈವಶಾಸ್ತ್ರಕ್ಕೆ ನಾಲ್ಕು, ಒಟ್ಟು ಕಡಿಮೆ ಎಂದರೂ ಆರು ವರ್ಷ ಎಂದು ಸಭೆಯ ಕಾನೂನೇ ಹೇಳುತ್ತದೆ. 2016ರಲ್ಲಿ ವ್ಯಾಟಿಕನ್ ಹೊರಡಿಸಿದ ನಿಯಮಗಳ ಪ್ರಕಾರ ಇದಕ್ಕೂ ಮುಂಚೆ ಪೂರ್ವಸಿದ್ಧತೆಯ ಹಂತ ಒಂದಿರಬೇಕು. ಆ ಹಂತದಲ್ಲಿ ಓದಿಗಿಂತ ಪ್ರಾರ್ಥನೆ, ಜೊತೆಬಾಳು, ತನ್ನನ್ನು ತಾನು ಅರಿಯುವುದು ಮುಖ್ಯ. ಇದನ್ನೆಲ್ಲ ಕೇಳಿ ನಿಮ್ಮ ಎದೆ ಧಸಕ್ಕೆಂದಿರಬಹುದು. ಒಮ್ಮೆ ಯೋಚಿಸಿ. ಜನ ತಮ್ಮ ಸಾವಿನ ಹೊತ್ತಿಗೆ ಕರೆಯುವ ಮನುಷ್ಯನಿಗೆ ಆರು ವರ್ಷ ನಿಜಕ್ಕೂ ಜಾಸ್ತಿಯಾ?

ಮನೆಯಲ್ಲೇ ಬೈಬಲ್ ಓದಬಹುದಲ್ಲ ಎಂದಿರಿ. ಓದಬಹುದು, ಓದಬೇಕು ಕೂಡ. ಆದರೆ ಒಂದು ಉದಾಹರಣೆ ನೋಡಿ. ಯೋಹಾನನ ಸುವಾರ್ತೆಯ ಕೊನೆಯಲ್ಲಿ ಯೇಸು ಪೇತ್ರನನ್ನು ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ?’ ಎಂದು ಕೇಳುತ್ತಾರೆ. ಮೂಲ ಗ್ರೀಕಿನಲ್ಲಿ ಅಲ್ಲಿ ಪ್ರೀತಿಗೆ ಎರಡು ಬೇರೆ ಬೇರೆ ಕ್ರಿಯಾಪದಗಳಿವೆ. ಮೊದಲ ಸೆಮಿಸ್ಟರ್‌ನಲ್ಲಿ ಇದು ಗೊತ್ತಾದಾಗ ನಾನು ಕುಣಿದುಬಿಟ್ಟೆ. ಇದರ ಮೇಲೇ ಒಂದು ಪ್ರಸಂಗ ಕಟ್ಟಿದೆ. ಒಂದು ದೇವರ ಪ್ರೀತಿ, ಇನ್ನೊಂದು ಬರೀ ಸ್ನೇಹ, ಪೇತ್ರ ಕೆಳಗಿನ ಮೆಟ್ಟಿಲಲ್ಲೇ ನಿಂತ ಅಂತೆಲ್ಲ. ನಮ್ಮ ಮೇಷ್ಟ್ರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ಈ ಸುವಾರ್ತೆಯಲ್ಲಿ ಆ ಎರಡೂ ಪದಗಳು ಬರುವ ಎಲ್ಲ ಕಡೆ ಹುಡುಕಿಕೊಂಡು ಬಾ ಎಂದರು. ಹುಡುಕಿದೆ. ತಂದೆ ಮಗನನ್ನು ಪ್ರೀತಿಸುತ್ತಾನೆ ಎನ್ನುವಾಗ ಯೋಹಾನ ಒಂದು ಕಡೆ ಮೊದಲನೆಯದನ್ನು ಬಳಸಿದ್ದಾನೆ, ಇನ್ನೊಂದು ಕಡೆ ಎರಡನೆಯದನ್ನು. ಈ ವ್ಯತ್ಯಾಸಕ್ಕೆ ಅರ್ಥ ಇದೆ ಎನ್ನುವ ವಿದ್ವಾಂಸರಿದ್ದಾರೆ, ಸುಮ್ನೆ ಪದ ಬದಲಾಯಿಸಿದ್ದು ಎನ್ನುವವರೂ ಇದ್ದಾರೆ. ನನ್ನ ಪ್ರಸಂಗ ಅಲ್ಲಿಗೇ ಕುಸಿಯಿತು. ಗ್ರೀಕು ಕಲಿತರೆ ಎಲ್ಲದಕ್ಕೂ ಉತ್ತರ ಸಿಗುತ್ತದೆ ಎಂದುಕೊಂಡಿದ್ದೆ. ಅದು ಕಲಿಸಿದ್ದು ಬೇರೆ: ನೂರು ಜನರ ಮುಂದೆ ‘ದೇವರು ಹೀಗೆ ಹೇಳಿದ್ದಾನೆ’ ಎನ್ನುವ ಮುಂಚೆ ಒಂದು ಕ್ಷಣ ನಾಲಿಗೆ ಹಿಡಿಯುವುದನ್ನು. ಮನೆಯಲ್ಲಿ ಒಬ್ಬನೇ ಕೂತು ಓದಿದರೆ, ಹುಡುಕಿಕೊಂಡು ಬಾ ಎನ್ನುವವರು ಇರುವುದಿಲ್ಲ.

ಸಭೆಯ ಇತಿಹಾಸ, ನೀತಿಶಾಸ್ತ್ರ, ಆರಾಧನಾ ವಿಧಿ ಇವನ್ನೆಲ್ಲ ಕಲಿಸುತ್ತಾರೆ. ಪ್ರಸಂಗದ ತರಗತಿಯಂತೂ ಒಂದು ಅಗ್ನಿಪರೀಕ್ಷೆ. ಜೊತೆಯವರು ಕಾಗದ ಪೆನ್ನು ಹಿಡಿದು ಕೂತು ನಿಮ್ಮ ತಪ್ಪು ಬರೆದುಕೊಳ್ಳುತ್ತಿರುತ್ತಾರೆ. ಅದನ್ನೂ ದಾಟಬಹುದು.

ದಾಟಲು ಕಷ್ಟವಾಗುವುದು ಆಸ್ಪತ್ರೆ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಮಗ ಏನಾಗಿ ಹೊರಬರುತ್ತಾನೆ ಎನ್ನುವುದು ಇಲ್ಲೇ ತೀರ್ಮಾನವಾಗುವುದು ಎಂದು ನನ್ನ ಅಭಿಪ್ರಾಯ.

ಅಮೆರಿಕದಲ್ಲಿ ಆಂಟನ್ ಬಾಯ್ಸನ್ ಎಂಬ ಪಾಸ್ಟರ್ ಇದ್ದರು. 1920ರಲ್ಲಿ ಅವರಿಗೆ ಮಾನಸಿಕ ಕಾಯಿಲೆಯಾಗಿ ಆಸ್ಪತ್ರೆ ಸೇರಬೇಕಾಯಿತು. ತಿಂಗಳುಗಟ್ಟಲೆ ರೋಗಿಯಾಗಿ ಒಳಗಿದ್ದರು. ಗುಣವಾಗಿ ಹೊರಬಂದ ಮೇಲೆ ಅವರು ಮ್ಯಾಸಚೂಸೆಟ್ಸ್‌ನ ವೂಸ್ಟರ್ ಸರ್ಕಾರಿ ಮನೋರೋಗ ಆಸ್ಪತ್ರೆಯಲ್ಲಿ ಚಾಪ್ಲಿನ್, ಅಂದರೆ ರೋಗಿಗಳ ಆತ್ಮಿಕ ಆರೈಕೆಯ ಪಾದ್ರಿ, ಆದರು. 1925ರ ಬೇಸಿಗೆಯಲ್ಲಿ ಕೆಲವೇ ಕೆಲವು ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆಸಿಕೊಂಡರು. ವಿದ್ಯಾರ್ಥಿಗಳು ಹಗಲು ವಾರ್ಡಿನಲ್ಲಿ ಸಹಾಯಕರಾಗಿ ದುಡಿಯಬೇಕು, ಆಮೇಲೆ ಕೂತು ಕಂಡದ್ದನ್ನು ಚರ್ಚಿಸಬೇಕು. ಧರ್ಮಗ್ರಂಥವನ್ನು ಎಷ್ಟು ಎಚ್ಚರದಿಂದ ಓದುತ್ತೀರೋ, ಸಂಕಟದಲ್ಲಿರುವ ಮನುಷ್ಯನನ್ನೂ ಅಷ್ಟೇ ಎಚ್ಚರದಿಂದ ಓದಿ ಎನ್ನುವುದು ಅವರ ಪಾಠ. ಇದೇ ಬೆಳೆದು, ಇವತ್ತು ಎಷ್ಟೋ ಕಡೆ ದೀಕ್ಷೆಗೆ ಮುಂಚಿನ ಕಡ್ಡಾಯ ತರಬೇತಿಯಾಗಿದೆ.

ಅದರಲ್ಲಿ ‘ವರ್ಬೇಟಿಮ್’ ಅಂತ ಒಂದಿದೆ. ರೋಗಿಯ ಜೊತೆ ಆಡಿದ ಮಾತನ್ನು, ಹೊರಗೆ ಬಂದ ಮೇಲೆ ನೆನಪಿನಿಂದ, ಅವರು ಹೇಳಿದ್ದು, ನಾನು ಹೇಳಿದ್ದು ಎಂದು ನಾಟಕದ ಸಂಭಾಷಣೆಯ ಥರ ಬರೆಯಬೇಕು. ಆಮೇಲೆ ಅದನ್ನು ಗುಂಪಿನ ಮುಂದೆ ಓದಬೇಕು. ನನ್ನ ಮೊದಲ ರೋಗಿ ವಯಸ್ಸಾದ ಒಬ್ಬರು, ಮರುದಿನ ಆಪರೇಷನ್ ಇತ್ತು. ನಾನು ಹೋಗಿ ಕೀರ್ತನೆ ಓದಿದೆ, ಧೈರ್ಯ ಹೇಳಿದೆ, ಪ್ರಾರ್ಥನೆ ಮಾಡಿದೆ. ಚೆನ್ನಾಗಿಯೇ ಆಯಿತು ಎಂದುಕೊಂಡು ಬರೆದೆ, ಓದಿದೆ. ಮಾರ್ಗದರ್ಶಕಿ ನನ್ನ ಕಾಗದ ತೆಗೆದುಕೊಂಡು ಪೆನ್ಸಿಲ್‌ನಿಂದ ಎಣಿಸತೊಡಗಿದರು. ನನ್ನ ಸಾಲು ಮೂವತ್ತೊಂದು. ಅವರದ್ದು ಆರು. ‘ಮೂರನೇ ಸಾಲಿನಲ್ಲಿ ಅವರು ಏನು ಹೇಳಿದ್ದಾರೆ, ಜೋರಾಗಿ ಓದು’ ಎಂದರು. ಓದಿದೆ: ‘ನನ್ನ ಮಗ ಬರ್ತಾನೋ ಇಲ್ವೋ.’ ‘ಅದಕ್ಕೆ ನೀನು ಏನು ಹೇಳಿದೆ?’ ಕಾಗದದಲ್ಲಿ ನನ್ನ ಕೈಬರಹದಲ್ಲೇ ಇತ್ತು: ‘ದೇವರು ನಿಮ್ಮ ಜೊತೆ ಇದ್ದಾನೆ.’

ಕೋಣೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಆ ಮನುಷ್ಯನಿಗೆ ಆಗ ದೇವರ ಬಗ್ಗೆ ಅನುಮಾನ ಇರಲಿಲ್ಲ, ಮಗನ ಬಗ್ಗೆ ಇತ್ತು. ನಾನು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ನನ್ನ ಸ್ವಂತ ಭಯ ಮುಚ್ಚಿಕೊಳ್ಳಲು ಅಷ್ಟೊಂದು ಮಾತಾಡಿದ್ದೆ. ಮರುವಾರ ಮತ್ತೆ ಕಳಿಸಿದರು. ಈ ಸಲ ಹತ್ತು ನಿಮಿಷ ಸುಮ್ನೆ ಕೂರುವುದು ಎಷ್ಟು ಕಷ್ಟ ಎಂದು ಗೊತ್ತಾಯಿತು.

ಇಷ್ಟು ಉದ್ದಕ್ಕೆ ಹೇಳಿದ್ದು ಯಾಕೆಂದರೆ, ನಿಮ್ಮ ಮಗ ಮಾತು ಕಡಿಮೆ ಎಂದು ನೀವು ಕೊರತೆ ಹೇಳುವ ಥರ ಬರೆದಿದ್ದೀರಿ. ವೇದಿಕೆ ಮೇಲೆ ನಿಂತು ಗುಡುಗುವವನೇ ಒಳ್ಳೆಯ ಸಭಾಪಾಲಕ ಎಂದು ನಾವೆಲ್ಲ ನಂಬಿಬಿಟ್ಟಿದ್ದೇವೆ. ನನ್ನ ಗುಂಪಿನಲ್ಲಿ ಬಾಯಿ ಜೋರಿದ್ದ ನಾವು ಮೂವರು ಆಸ್ಪತ್ರೆಯಲ್ಲಿ ಒದ್ದಾಡಿದೆವು. ತರಗತಿಯಲ್ಲಿ ತುಟಿ ಬಿಚ್ಚದಿದ್ದ ಒಬ್ಬನನ್ನು ರೋಗಿಗಳು ಹೆಸರು ಹಿಡಿದು ಕೇಳುತ್ತಿದ್ದರು.

ಓದಿನಲ್ಲಿ ಹಿಂದೆ ಬಿದ್ದರೆ ಎಂಬ ಭಯವೂ ನಿಮಗಿದೆ. ಫ್ರಾನ್ಸಿನ ಜಾನ್ ವಿಯಾನಿಯನ್ನು ನೆನಪಿಸುತ್ತೇನೆ. ರೈತರ ಮಗ. ಲ್ಯಾಟಿನ್ ತಲೆಗೆ ಹತ್ತಲಿಲ್ಲ. ಲಿಯಾನ್ ಸೆಮಿನರಿಯಲ್ಲಿ ಪಾಠವೇ ಲ್ಯಾಟಿನ್‌ನಲ್ಲಿ, ಕೊನೆಗೆ ಅಲ್ಲಿಂದ ಹೊರಬರಬೇಕಾಯಿತು. ಅವರನ್ನು ಕೈಬಿಡದಿದ್ದವರು ಒಬ್ಬ ಹಳ್ಳಿಯ ಪಾದ್ರಿ, ಹೆಸರು ಬಾಲೇ. ಮನೆಯಲ್ಲೇ ಕೂರಿಸಿಕೊಂಡು ಪಾಠ ಹೇಳಿದರು, ಮೇಲಿನವರ ಹತ್ತಿರ ಇವರ ಪರ ಮಾತಾಡಿದರು. 1815ರಲ್ಲಿ ದೀಕ್ಷೆ ಸಿಕ್ಕಿತು. ಆಮೇಲೂ ಪಾಪನಿವೇದನೆ ಕೇಳಲು ಕೂಡಲೇ ಅನುಮತಿ ಕೊಡಲಿಲ್ಲ, ಇವರಿಂದ ಆಗುತ್ತದೋ ಇಲ್ಲವೋ ಎಂದು. ಅದೇ ಮನುಷ್ಯನ ಮುಂದೆ ಪಾಪನಿವೇದನೆ ಮಾಡಲು ಮುಂದೆ ದೂರದೂರದಿಂದ ಜನ ಆರ್ಸ್ ಎಂಬ ಸಣ್ಣ ಊರಿಗೆ ಸಾಲುಗಟ್ಟಿದರು. 1929ರಲ್ಲಿ ಪೋಪ್ ಅವರನ್ನು ಎಲ್ಲ ಧರ್ಮಕೇಂದ್ರಗಳ ಗುರುಗಳ ಪಾಲಕ ಸಂತ ಎಂದು ಘೋಷಿಸಿದರು. ಈ ಕಥೆಯನ್ನು ‘ಓದಿಲ್ಲದಿದ್ದರೂ ನಡೆಯುತ್ತದೆ’ ಎನ್ನಲು ಬಳಸುವವರಿದ್ದಾರೆ. ನನಗೆ ಅದರಲ್ಲಿ ಕಾಣುವುದು ಬಾಲೇ. ಅಂಥವರೊಬ್ಬರು ನಿಮ್ಮ ಮಗ ಹೋಗುವ ಸೆಮಿನರಿಯಲ್ಲಿ ಇದ್ದಾರಾ? ಕಟ್ಟಡ, ಗ್ರಂಥಾಲಯ ನೋಡುವ ಮುಂಚೆ ಇದನ್ನು ವಿಚಾರಿಸಿ.

ಈಗ ಅಂಚಿನ ಸಾಲಿಗೆ ಬರುತ್ತೇನೆ. ಯಾರು ನೋಡಿಕೊಳ್ಳುತ್ತಾರೆ?

ಕಥೋಲಿಕ ಸೆಮಿನರಿಯಲ್ಲಿ ಪ್ರತಿಯೊಬ್ಬನಿಗೂ ಒಬ್ಬ ಆತ್ಮಿಕ ಮಾರ್ಗದರ್ಶಕರು ಇರುತ್ತಾರೆ. ಸಭೆಯ ಕಾನೂನಿನಲ್ಲಿ ಇದರ ಬಗ್ಗೆ ಒಂದು ಅಪರೂಪದ ಕಟ್ಟಳೆ ಇದೆ. ಇವನಿಗೆ ದೀಕ್ಷೆ ಕೊಡಬೇಕಾ, ಇವನನ್ನು ಮನೆಗೆ ಕಳಿಸಬೇಕಾ ಎಂದು ತೀರ್ಮಾನಿಸುವಾಗ ಆತ್ಮಿಕ ಮಾರ್ಗದರ್ಶಕರ ಅಭಿಪ್ರಾಯವನ್ನಾಗಲಿ, ಪಾಪನಿವೇದನೆ ಕೇಳಿದ ಗುರುವಿನ ಅಭಿಪ್ರಾಯವನ್ನಾಗಲಿ ಕೇಳಲೇಕೂಡದು. ಮಾರ್ಕು ಹಾಕುವವರೇ ಬೇರೆ, ಮನಸ್ಸು ಬಿಚ್ಚಿ ಮಾತಾಡಬಹುದಾದವರೇ ಬೇರೆ. ಈ ಗೋಡೆ ಗಟ್ಟಿಯಾಗಿದ್ದರೆ ಹುಡುಗ ತನ್ನ ಅನುಮಾನವನ್ನು ಹೇಳಿಕೊಳ್ಳುತ್ತಾನೆ. ಗೋಡೆ ಸೋರಿದರೆ ಎಲ್ಲರೂ ಪವಿತ್ರರ ಹಾಗೆ ನಟಿಸಲು ಕಲಿಯುತ್ತಾರೆ. ಪ್ರಾಟೆಸ್ಟೆಂಟ್ ಕಡೆ ಇದೇ ಕೆಲಸಕ್ಕೆ ಚಾಪ್ಲಿನ್, ಆಪ್ತಸಮಾಲೋಚಕರು, ಸಣ್ಣ ಗುಂಪುಗಳು ಇರುತ್ತವೆ. ವಿದ್ಯಾರ್ಥಿವೇತನ, ಮದುವೆಯಾದವರಿಗೆ ಕುಟುಂಬದ ವಸತಿ ಇವೂ ಹಲವು ಕಡೆ ಸಿಗುತ್ತವೆ. ಸಾಲ ಮಾಡಿ ಓದಬೇಕಾಗಿ ಬಂದರೆ ಮಾತ್ರ ಎರಡು ಸಲ ಯೋಚಿಸಿ. ಈ ಕೆಲಸದ ಸಂಬಳದಲ್ಲಿ ಸಾಲ ತೀರಿಸುವುದು ಸುಲಭ ಅಲ್ಲ.

1935ರಲ್ಲಿ ಜರ್ಮನಿಯಲ್ಲಿ ಹಿಟ್ಲರನ ಕೈಗೆ ಸಿಕ್ಕ ಸಭೆಯಿಂದ ದೂರ ಸರಿದವರು ತಮ್ಮದೇ ಸೆಮಿನರಿಗಳನ್ನು ನಡೆಸಿದರು. ಫಿಂಕನ್‌ವಾಲ್ಡೆಯ ಸೆಮಿನರಿಗೆ ಬಾನ್‌ಹಾಫರ್ ಎಂಬ ಪಾಸ್ಟರ್ ಮುಖ್ಯಸ್ಥರು. ಅಲ್ಲಿ ಒಂದು ನಿಯಮ ಇತ್ತು. ಜೊತೆಯವನ ಬಗ್ಗೆ ಅವನ ಬೆನ್ನ ಹಿಂದೆ ಮಾತಾಡಬಾರದು. ಮಾತಾಡಿಬಿಟ್ಟರೆ ಹೋಗಿ ಅವನಿಗೇ ಹೇಳಬೇಕು. ಕೇಳಲು ಸಣ್ಣದು, ಅಲ್ವಾ? ಹಾಸ್ಟೆಲಿನಲ್ಲಿ ಒಂದು ವಾರ ಪಾಲಿಸಿ ನೋಡಲಿ. 1937ರಲ್ಲಿ ಹಿಟ್ಲರನ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಆ ಸೆಮಿನರಿ ಮುಚ್ಚಿತು. ಬಾನ್‌ಹಾಫರ್ ಹಳೆಯ ವಿದ್ಯಾರ್ಥಿಗಳಿಗೆ ಸುತ್ತೋಲೆ ಬರೆಯುವುದನ್ನು ನಿಲ್ಲಿಸಲಿಲ್ಲ. ಯುದ್ಧರಂಗಕ್ಕೆ ಹೋದವರಿಗೂ ಆ ಕಾಗದಗಳು ಮುಟ್ಟುತ್ತಿದ್ದವು. ಕಟ್ಟಡ ಹೋದ ಮೇಲೂ ಉಳಿಯುವ ಆಸರೆ ಅಂದರೆ ಅದು.

ಎಲ್ಲ ಕಡೆ ಹೀಗಿರುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಓದಿದ ಕಡೆ, ಎರಡನೇ ವರ್ಷದಲ್ಲಿ ನನ್ನ ಕೋಣೆಯ ಗೆಳೆಯ ಬಿಟ್ಟು ಹೋದ. ಈ ದಾರಿ ತನ್ನದಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದ್ದ. ಬೆಳಗ್ಗೆ ಅವನ ಹಾಸಿಗೆ ಖಾಲಿ ಇತ್ತು. ಪ್ರಾರ್ಥನೆಯಲ್ಲಿ ಅವನ ಹೆಸರು ಬರಲಿಲ್ಲ, ಯಾರೂ ಬೀಳ್ಕೊಡಲಿಲ್ಲ, ಸತ್ತವರಿಗಿಂತ ಕಡೆಯಾಗಿ ನಡೆಸಿಕೊಂಡರು. ನನ್ನ ಮುನಿಸಿನ ಮೂಲ ಅದೇ. ದೇವರ ಕರೆ ನಿಜವಾ ಎಂದು ಪರೀಕ್ಷಿಸುವುದೇ ಸೆಮಿನರಿಯ ಕೆಲಸ ಎಂದ ಮೇಲೆ, ಇಲ್ಲ ಎಂಬ ಉತ್ತರವೂ ಅಲ್ಲಿ ಗೌರವದ ಉತ್ತರವೇ ಆಗಬೇಕು. ಆದ್ದರಿಂದ ಸೇರುವ ಮುಂಚೆ ಮುಖ್ಯಸ್ಥರನ್ನು ನೇರವಾಗಿ ಕೇಳಿ: ಕಳೆದ ಐದು ವರ್ಷದಲ್ಲಿ ಎಷ್ಟು ಜನ ನಡುವೆ ಬಿಟ್ಟರು, ಅವರು ಈಗ ಹೇಗಿದ್ದಾರೆ? ಮುಖ್ಯಸ್ಥರ ಮುಖ ನೋಡಿಕೊಂಡೇ ಕೇಳಿ. ಉತ್ತರಕ್ಕಿಂತ ಮುಖ ಜಾಸ್ತಿ ಹೇಳುತ್ತದೆ.

ಮಗ ಕೆಲಸ ಬಿಡುವ ಬಗ್ಗೆ ನಿಮಗೆ ಭಯವಿದ್ದರೆ ಇನ್ನೊಂದು ದಾರಿಯೂ ಇದೆ. 1963ರಲ್ಲಿ ಗ್ವಾಟೆಮಾಲದ ಪ್ರೆಸ್ಬಿಟೇರಿಯನ್ ಸೆಮಿನರಿ ಒಂದು ಲೆಕ್ಕಾಚಾರ ಮಾಡಿತು. ಹಳ್ಳಿಯ ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದವರು ಹೊಲ, ಮನೆ, ಮಕ್ಕಳನ್ನು ಬಿಟ್ಟು ಸೆಮಿನರಿಗೆ ಬರಲಾಗದ ಹಿರಿಯರು. ಸರಿ, ಮೇಷ್ಟ್ರುಗಳೇ ಅವರ ಹತ್ತಿರ ಹೋಗಲಿ ಎಂದು ತೀರ್ಮಾನಿಸಿದರು. ಮನೆಯಲ್ಲೇ ಓದು, ವಾರಕ್ಕೊಮ್ಮೆ ಹತ್ತಿರದ ಕೇಂದ್ರದಲ್ಲಿ ಸೇರಿ ಚರ್ಚೆ. ಈ ಪದ್ಧತಿ ಆಮೇಲೆ ಬೇರೆ ಖಂಡಗಳಿಗೂ ಹರಡಿತು. ಜೊತೆಯಲ್ಲಿ ಬಾಳುವ ಪಾಠ ಇದರಲ್ಲಿ ಕಡಿಮೆ, ಅದು ನಷ್ಟವೇ. ಆದರೆ ಕಲಿತದ್ದು ಅವತ್ತೇ ಕೆಲಸಕ್ಕೆ ಬರುತ್ತದೆ.

ಇನ್ನೊಂದು ವಿಷಯ, ಸಸಿಮಡಿಯದ್ದೇ. ಕಿತ್ತು ನೆಟ್ಟ ಸಸಿ ಮೊದಲ ಕೆಲವು ದಿನ ಬಾಡುತ್ತದೆ. ಬೇರು ಹೊಸ ಮಣ್ಣು ಹಿಡಿಯುವವರೆಗೆ ನೀರು ಬೇಕು. ಸೆಮಿನರಿಯಿಂದ ಹೊರಟವರಿಗೂ ಮೊದಲ ಎರಡು ಮೂರು ವರ್ಷ ಹಾಗೇ. ತರಗತಿಯಲ್ಲಿ ಜೊತೆಗೆ ಇಪ್ಪತ್ತು ಜನ ಇದ್ದರು, ಈಗ ಒಬ್ಬನೇ. ಭಾನುವಾರದ ಪ್ರಸಂಗ ಒಪ್ಪಿಸಿ ಮನೆಗೆ ಬಂದರೆ ಮಾತಾಡಲು ಯಾರಿಲ್ಲ. ಸಭೆಗಳಿಗೆ ಇದು ಗೊತ್ತು. ಇಂಗ್ಲೆಂಡಿನ ಸಭೆಯಲ್ಲಿ ಹೊಸಬರು ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಒಬ್ಬ ಹಿರಿಯ ಪಾದ್ರಿಯ ಕೈಕೆಳಗೆ ಸಹಾಯಕರಾಗಿ ದುಡಿಯುತ್ತಾರೆ. ಕಥೋಲಿಕರಲ್ಲಿ ಡೀಕನ್ (ಗುರುವಿಗಿಂತ ಕೆಳಗಿನ ಮೆಟ್ಟಿಲಿನ ಸೇವಕ) ಆಗಿ ಕಡಿಮೆ ಎಂದರೂ ಆರು ತಿಂಗಳು ಕಳೆದ ಮೇಲೆಯೇ ಗುರುದೀಕ್ಷೆ. ಮುಖ್ಯಸ್ಥರಿಗೆ ಕೇಳಬೇಕಾದ ಎರಡನೇ ಪ್ರಶ್ನೆ ಇದರದ್ದೇ: ಓದು ಮುಗಿಸಿ ಹೋದ ಹುಡುಗ ರಾತ್ರಿ ಹತ್ತು ಗಂಟೆಗೆ ಕುಸಿದು ಕೂತರೆ, ಫೋನ್ ಎತ್ತುವವರು ಯಾರು? ಹೆಸರು ಹೇಳಲಿ. ‘ನಾವೆಲ್ಲ ಇದ್ದೇವೆ’ ಎಂದರೆ ಸಾಲದು.

ಮಗನಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಒಪ್ಪಿಗೆ ಅಥವಾ ಬೇಡ, ಎರಡನ್ನೂ ಈಗಲೇ ಹೇಳಬೇಕಾಗಿಲ್ಲ. ಸೆಮಿನರಿಗಳು ಸಾಮಾನ್ಯವಾಗಿ ಅರ್ಜಿ ಹಾಕಿದ ಕೂಡಲೇ ಸೇರಿಸಿಕೊಳ್ಳುವುದಿಲ್ಲ. ಸಭೆಯ ಶಿಫಾರಸು, ಸಂದರ್ಶನ, ಕೆಲವು ಕಡೆ ಮನಃಶಾಸ್ತ್ರಜ್ಞರ ಭೇಟಿ ಎಲ್ಲ ಇರುತ್ತದೆ. ಸಮಯ ಇದೆ. ಅವನು ಅಲ್ಲಿಗೆ ನೋಡಲು ಹೋಗುವ ದಿನ ನೀವೂ ಜೊತೆಗೆ ಹೋಗಿ, ಆ ಎರಡು ಪ್ರಶ್ನೆ ನೀವೇ ಕೇಳಿ. ಅಲ್ಲಿಯವರೆಗೆ ಒಂದು ಸಂಜೆ ಟಿವಿ ಆರಿಸಿ, ‘ಇದು ಯಾವಾಗಿಂದ ನಿನ್ನ ಮನಸ್ಸಿನಲ್ಲಿತ್ತು?’ ಎಂದು ಕೇಳಿ. ಆಮೇಲೆ ಏನೂ ಹೇಳಬೇಡಿ. ಮಾತು ಕಡಿಮೆಯವರು ಬಾಯಿ ಬಿಡಲು ಸ್ವಲ್ಪ ಹೊತ್ತು ಹಿಡಿಯುತ್ತದೆ.

ಅವನು ಸೇರಿದರೆ, ಮೊದಲ ಸೆಮಿಸ್ಟರ್ ಮುಗಿದ ಮೇಲೆ ಮತ್ತೆ ಬರೆಯಿರಿ. ಸೇರದಿದ್ದರೂ ಬರೆಯಿರಿ.

ಸಂಪಾದಕ